ಆಟ ಮುಗಿದ ಮೇಲೆ ಬಿಲ್ಲು ಯಾರ ಹೆಸರಿಗೆ?

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಸುವವರ ಲೆಕ್ಕ ಸರಳ. ಮಣ್ಣು ಹದ ಮಾಡಿ ಅಖಾಡ, ಸುತ್ತ ತಾತ್ಕಾಲಿಕ ಗ್ಯಾಲರಿ, ಕೊನೆಯ ಜೋಡಿಗೆ ಬೆಳ್ಳಿ ಗದೆ, ದುಡ್ಡು ಕೊಟ್ಟವರ ಹೆಸರು ಮೈಕಿನಲ್ಲಿ. ಜಾತ್ರೆ ಮುಗಿಯಿತೋ, ಬಯಲು ಮತ್ತೆ ಬಯಲೇ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿತು ಅಂತ 2025ರ ನವೆಂಬರಿನಲ್ಲಿ ಸುದ್ದಿ ಬಂದಾಗ ಎಲ್ಲರೂ ಕೇಳಿದ್ದು, ಇದರಿಂದ ಲಾಭವೋ ನಷ್ಟವೋ ಅಂತ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅಂದಾಜು ಮೀರಿದರೆ ತುಂಬಿಕೊಡುತ್ತೇವೆ ಅಂತ ಸಹಿ ಹಾಕಿದವರು ಯಾರು?

ಈ ಪ್ರಶ್ನೆಯ ಬೇರು ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಗಂಡಸು ಹೆರುವುದು ಎಷ್ಟು ಸಾಧ್ಯವೋ ಒಲಿಂಪಿಕ್ಸ್ ನಷ್ಟವಾಗುವುದೂ ಅಷ್ಟೇ ಸಾಧ್ಯ ಎಂದಿದ್ದರು ಅಲ್ಲಿನ ಮೇಯರ್ ಜಾನ್ ದ್ರಾಪೋ. 1976ರಲ್ಲಿ ಕೂಟ ಶುರುವಾದಾಗ ಮುಖ್ಯ ಕ್ರೀಡಾಂಗಣದ ಗೋಪುರ ಅರ್ಧಕ್ಕೇ ನಿಂತಿತ್ತು. ಸಾಲ ತೀರಿಸಲು ತಂಬಾಕಿನ ಮೇಲೆ ಹಾಕಿದ ತೆರಿಗೆಯಿಂದ ಕೊನೆಯ ಕಂತು ಕಟ್ಟಿದ್ದು 2006ರಲ್ಲಿ. ಮೂವತ್ತು ವರ್ಷ ಸಿಗರೇಟು ಸೇದಿದವರು ಕ್ರೀಡಾಂಗಣದ ಸಾಲ ತೀರಿಸಿದರು.

ಆ ಪೆಟ್ಟಿಗೆ ಬೆದರಿದ ನಗರಗಳು ಹಿಂದೆ ಸರಿದವು. 1984ಕ್ಕೆ ಕೊನೆಗೆ ಉಳಿದದ್ದು ಲಾಸ್ ಏಂಜಲೀಸ್ ಒಂದೇ. ಅಲ್ಲಿನ ಮತದಾರರು 1978ರಲ್ಲೇ ನಗರದ ಹಣ ಇದಕ್ಕೆ ಹಾಕಕೂಡದು ಅಂತ ಮತ ಹಾಕಿದ್ದರು. ಬೇರೆ ಗತಿ ಇಲ್ಲದೆ ಒಲಿಂಪಿಕ್ ಸಮಿತಿ ಖಾಸಗಿ ಸಂಘಟಕರನ್ನು ಒಪ್ಪಿಕೊಂಡಿತು. 1932ರ ಒಲಿಂಪಿಕ್ಸ್ ನಡೆದ ಹಳೇ ಕೊಲಿಸಿಯಂ ಇತ್ತು, ವಿದ್ಯಾರ್ಥಿಗಳ ಹಾಸ್ಟೆಲುಗಳಿದ್ದವು, ಟಿವಿ ಹಕ್ಕಿಗೆ ಅಮೆರಿಕದ ಎಬಿಸಿ ವಾಹಿನಿ 22.5 ಕೋಟಿ ಡಾಲರ್ ಕೊಟ್ಟಿತು. ಉಳಿದದ್ದು 20 ಕೋಟಿ ಡಾಲರಿಗೂ ಹೆಚ್ಚು. ನಮ್ಮ ಜಾತ್ರೆ ಸಮಿತಿಯವರು ಅಲ್ಲಿದ್ದರೂ ಹೀಗೇ ಮಾಡುತ್ತಿದ್ದರೇನೋ! ಈ ಲಾಭ ನೋಡಿದ ಬೇರೆ ನಗರಗಳಿಗೆ ಮಾತ್ರ ಅದು ಎಲ್ಲಿಂದ ಬಂತು ಅನ್ನುವುದು ಕಾಣಲಿಲ್ಲ. ಪೈಪೋಟಿ ಮತ್ತೆ ಶುರುವಾಯಿತು. ಅಥೆನ್ಸ್ 2004ಕ್ಕೆ ಕಟ್ಟಿದ ಅಂಕಣಗಳಲ್ಲಿ ಕೆಲವು ಹುಲ್ಲು ಬೆಳೆದು ಪಾಳುಬಿದ್ದವು.

ದೆಹಲಿಯದ್ದು ನಮಗೇ ಗೊತ್ತಿರುವ ಕತೆ. ಬಂದ ಆದಾಯದಲ್ಲೇ ಖರ್ಚು ಸರಿದೂಗುತ್ತದೆ ಎಂದಿದ್ದರು ಅಲ್ಲಿನ 2010ರ ಕಾಮನ್‌ವೆಲ್ತ್ ಕೂಟದ ಸಂಘಟಕರು. ಮರುವರ್ಷ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) ವರದಿ ಆ ಮಾತನ್ನು ತಳ್ಳಿಹಾಕಿತು; ಒಟ್ಟು ಅಂದಾಜು 18,500 ಕೋಟಿ ರೂಪಾಯಿ ದಾಟಿತ್ತು. ಪರಿಶಿಷ್ಟ ಜಾತಿಯವರ ವಿಶೇಷ ಘಟಕ ಯೋಜನೆಯ 600 ಕೋಟಿಗೂ ಹೆಚ್ಚು ಹಣ ಕೂಟದ ಕಡೆ ಹರಿದದ್ದನ್ನು ಆಗಿನ ಗೃಹ ಸಚಿವರೇ ಸಂಸತ್ತಿನಲ್ಲಿ ಒಪ್ಪಿಕೊಂಡರು. ಉದ್ಘಾಟನೆಗೆ ಹನ್ನೆರಡು ದಿನ ಇದ್ದಾಗ ನೆಹರು ಕ್ರೀಡಾಂಗಣದ ಪಕ್ಕದ ಪಾದಚಾರಿ ಸೇತುವೆ ಕುಸಿಯಿತು, ಸೇನೆಯವರು ಬಂದು ಬಿಡಿಭಾಗ ಜೋಡಿಸಿ ನಿಲ್ಲಿಸುವ ಬೈಲಿ ಸೇತುವೆ ಕಟ್ಟಿದರು. ಅಂಥ ಹೊತ್ತಿನಲ್ಲಿ ದರದ ಬಗ್ಗೆ ಚೌಕಾಸಿ ಮಾಡುವವರು ಯಾರು? ಉದ್ಘಾಟನೆಯ ತಾರೀಕು ಗೊತ್ತಿರುವ ಗುತ್ತಿಗೆದಾರನಿಗೆ ಅದೇ ಬಂಡವಾಳ.

ಚಿತ್ರದುರ್ಗದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಅಂಥ ತಾರೀಕೇ ಇಲ್ಲ. 2020ರ ಪರಿಷ್ಕೃತ ಅಂದಾಜು 21,473 ಕೋಟಿ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು; ಆ ಹಣಕ್ಕಾಗಿ ಆಮೇಲೂ ಪತ್ರ, ಮನವಿ, ಧರಣಿ. ಕಾಲುವೆ ತಡವಾದರೆ ಯಾವ ದೇಶದ ಮುಂದೆಯೂ ಮುಖಭಂಗವಿಲ್ಲ, ಹಾಗಾಗಿ ಖರ್ಚು ವರ್ಷ ವರ್ಷ ಏರಿದರೂ ಅದು ಯಾರಿಗೂ ಹಗರಣ ಅನ್ನಿಸುವುದಿಲ್ಲ. ಕ್ರೀಡಾಕೂಟಕ್ಕೆ ಅವಸರದಿಂದ ದುಬಾರಿ, ಕಾಲುವೆಗೆ ನಿಧಾನದಿಂದ ದುಬಾರಿ. ಸರ್ಕಾರದ ಕೈ ಬೇಗ ಬಿಚ್ಚುವುದು ಮೊದಲನೆಯದಕ್ಕೇ.

ಈಗ ಗಾಳಿ ತಿರುಗಿದೆ. ಬುಡಾಪೆಸ್ಟ್, ಹ್ಯಾಂಬರ್ಗ್, ಬೋಸ್ಟನ್ ಒಂದೊಂದಾಗಿ ಹಿಂದೆ ಸರಿದ ಮೇಲೆ 2017ರಲ್ಲಿ ಒಲಿಂಪಿಕ್ ಸಮಿತಿ ಪ್ಯಾರಿಸ್‌ಗೆ 2024, ಲಾಸ್ ಏಂಜಲೀಸ್‌ಗೆ 2028 ಅಂತ ಒಟ್ಟಿಗೇ ಹಂಚಿಬಿಟ್ಟಿತು. 2023ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟ ಬೇಡವೆಂದು 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಟ್ಟು ಕೈತೊಳೆದುಕೊಂಡಿತು. ಕೊಟ್ಟದ್ದೇ ಅಗ್ಗ ಎಂಬ ಲೆಕ್ಕ ಅವರದು. 2030ಕ್ಕೆ ಅಹಮದಾಬಾದಿನ ಎದುರು ಕಣದಲ್ಲಿ ಇದ್ದದ್ದು ನೈಜೀರಿಯಾದ ಅಬುಜಾ ಮಾತ್ರ. ಆತಿಥ್ಯ ಕೇಳುವವರು ಕಡಿಮೆ ಇದ್ದಾಗ ದುಡ್ಡು ಕೊಡುವವನ ಮಾತು ನಡೆಯಬೇಕು. ಷರತ್ತು ಹಾಕುವ ಹೊತ್ತು ಇದೇ.

ಒಂದು ವಿಷಯದ ಮೇಲೆ ಕಣ್ಣಿಡುವುದು ಒಳ್ಳೆಯದು. ಅಹಮದಾಬಾದಿನ ನಾರಣಪುರದಲ್ಲಿ ಸಾವರ್ಕರ್ ಕ್ರೀಡಾ ಸಂಕೀರ್ಣ ಸುಮಾರು 825 ಕೋಟಿ ರೂಪಾಯಿಯಲ್ಲಿ ಆಗಲೇ ಎದ್ದಿದೆ, ಆತಿಥ್ಯ ಸಿಗುವ ಮೊದಲೇ. ಇಂಥ ಕಟ್ಟಡ, ಮೇಲ್ಸೇತುವೆ, ಮೆಟ್ರೊ ಎಲ್ಲವೂ 'ಮೂಲಸೌಕರ್ಯ'ದ ಖಾತೆಗೆ ಹೋದರೆ, 2031ರಲ್ಲಿ ಬರುವ ಕೂಟದ ಲೆಕ್ಕಪತ್ರ ಲಾಭವನ್ನೇ ತೋರಿಸಬಹುದು.