ಪದ ಪರಿಚಯ: ಸ್ಟುಡಿಯೋ ಫ್ಲ್ಯಾಶ್

ಸ್ಟ್ಯಾಂಡಿನ ಮೇಲೆ ನಿಂತು, ಕ್ಯಾಮೆರಾ ಕ್ಲಿಕ್ಕಿಸಿದ ಗಳಿಗೆಗೆ ಸರಿಯಾಗಿ ಒಮ್ಮೆ ಮಿಂಚುವ ದೀಪಕ್ಕೆ ಸ್ಟುಡಿಯೋ ಫ್ಲ್ಯಾಶ್ ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ಫೋಟೊ ಸ್ಟುಡಿಯೋಗಳ ಮೂಲೆಯಲ್ಲಿ ಬಿಳಿ ಕೊಡೆ ಹಿಡಿದು ನಿಂತಿರುವುದು ಇದೇ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಅರ್ಜಿಗೆ ಅಂಟಿಸಲು ಫೋಟೊ ತೆಗೆಸಿಕೊಳ್ಳುವಾಗ ಕಣ್ಣು ಮಿಟುಕಿಸುವುದೂ ಇದಕ್ಕೇ. ಅಂಥ ಫೋಟೊಗೆ ಎರಡು ಕೊಡೆಗಳನ್ನು ಎರಡು ಬದಿಗೆ ಸಮನಾಗಿಟ್ಟರೆ ಕೆಲಸ ಮುಗಿಯಿತು, ಅಲ್ಲಿ ಗುರುತು ಸಿಕ್ಕರೆ ಸಾಕು. ಭಾವಚಿತ್ರಕ್ಕೆ ಮುಖದ ಉಬ್ಬುತಗ್ಗು ಬೇಕು, ಉಬ್ಬುತಗ್ಗು ಕಾಣಲು ನೆರಳು ಬೇಕು. ಆ ನೆರಳನ್ನು ನಾವು ಬೇಕೆಂದಲ್ಲಿ ಬೀಳಿಸುವುದಕ್ಕಾಗಿಯೇ ಈ ದೀಪ.

ಹೊಸದಾಗಿ ಕಲಿಯುವವರು ಬಂದೊಡನೆ ಕೇಳುವುದು, ಎಷ್ಟು ಶಕ್ತಿಯ ದೀಪ ಕೊಳ್ಳಲಿ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ದೀಪವನ್ನು ಮುಖದಿಂದ ಎಷ್ಟು ದೂರದಲ್ಲಿಡಬೇಕು ಎಂಬುದು. ದೂರ ತಿಳಿದವರು ಒಂದೇ ದೀಪದಲ್ಲಿ ತೆಗೆದ ಚಿತ್ರ, ತಿಳಿಯದವರು ನಾಲ್ಕು ದೀಪಗಳಲ್ಲಿ ತೆಗೆದ ಚಿತ್ರಕ್ಕಿಂತ ಚೆನ್ನಾಗಿರುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ದೀಪದ ಒಳಗೆ ನಡೆಯುವ ಕೆಲಸ ದೊಡ್ಡದೇನಲ್ಲ. ವಿದ್ಯುತ್ತನ್ನು ಕೆಪಾಸಿಟರಿನಲ್ಲಿ ಕೂಡಿಟ್ಟು, ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ಒಮ್ಮೆಲೇ ಹರಿಯಬಿಡುತ್ತದೆ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಬಂದಾಗ ಅದನ್ನು ಸುಟ್ಟು ಬೆಳಕು ಮಾಡುತ್ತಿದ್ದರು, ಹೊಗೆಯೂ ಬೆಂಕಿಯ ಭಯವೂ ಅದರ ಜೊತೆಗಿದ್ದವು. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಛಾಯಾಗ್ರಹಣಕ್ಕೆ ಒಗ್ಗಿಸಿದರು. ಇಂದಿನ ಸ್ಟುಡಿಯೋ ದೀಪ ಅದೇ ವಂಶದ್ದು.

ಶಕ್ತಿಯನ್ನು ವ್ಯಾಟ್-ಸೆಕೆಂಡಿನಲ್ಲಿ ಅಳೆಯುತ್ತಾರೆ. 400 ವ್ಯಾಟ್-ಸೆಕೆಂಡ್ ಎಂದರೆ 100 ವ್ಯಾಟಿನ ಬಲ್ಬು 4 ಸೆಕೆಂಡು ಉರಿಯಲು ಬೇಕಾದಷ್ಟು ವಿದ್ಯುತ್. ಫ್ಲ್ಯಾಶ್ ಅಷ್ಟನ್ನೂ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಸುರಿದುಬಿಡುತ್ತದೆ. ಮನೆಯ ಒಂದು ಕೋಣೆಯಲ್ಲಿ ಒಬ್ಬರ ಭಾವಚಿತ್ರಕ್ಕೆ 200 ಸಾಕು, 400 ಇದ್ದರೆ ಕುಟುಂಬದ ಗುಂಪು ಚಿತ್ರಕ್ಕೂ ಆಯಿತು. ಅದಕ್ಕಿಂತ ದೊಡ್ಡದನ್ನು ಸಣ್ಣ ಕೋಣೆಗೆ ತಂದರೆ, ಪೂರ್ತಿ ಇಳಿಸಿದರೂ ಬೆಳಕು ಜಾಸ್ತಿಯಾಗಿ ಒದ್ದಾಡಬೇಕಾಗುತ್ತದೆ.

ಕಲಿಯುವವರನ್ನು ಮೊದಲು ಗೊಂದಲಕ್ಕೆ ಕೆಡಹುವುದು ಶಟರ್, ಅಂದರೆ ಬೆಳಕನ್ನು ಒಳಬಿಟ್ಟು ಮತ್ತೆ ಮುಚ್ಚುವ ಕ್ಯಾಮೆರಾದ ಬಾಗಿಲು. ಫ್ಲ್ಯಾಶಿನ ಬೆಳಕು ಶಟರ್ ತೆರೆದಿರುವ ಅವಧಿಗಿಂತ ಎಷ್ಟೋ ಬೇಗ ಬಂದು ಹೋಗುತ್ತದೆ. ಹಾಗಾಗಿ ಶಟರನ್ನು 1/60 ಸೆಕೆಂಡಿಗೆ ಇಟ್ಟರೂ 1/125ಕ್ಕೆ ಇಟ್ಟರೂ ಫ್ಲ್ಯಾಶಿನ ಪಾಲು ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಅಪರ್ಚರ್ (ಲೆನ್ಸಿನೊಳಗಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ), ದೀಪದ ಶಕ್ತಿ ಮತ್ತು ದೂರ. ಟ್ಯೂಬ್‌ಲೈಟು, ಕಿಟಕಿ ಮುಂತಾದ ಕೋಣೆಯ ಬೆಳಕು ಮಾತ್ರ ಶಟರಿನ ಮಾತು ಕೇಳುತ್ತದೆ. ಹಾಗೆಂದು ಶಟರನ್ನು ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ಶಟರಿಗೆ ಎರಡು ಪರದೆಗಳಿವೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದ ಮೇಲೆ ಮೊದಲ ಪರದೆ ಪೂರ್ತಿ ತೆರೆಯುವ ಮೊದಲೇ ಎರಡನೆಯದು ಮುಚ್ಚಲು ಹೊರಡುತ್ತದೆ, ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಕೂರುತ್ತದೆ. ಈ ಮಿತಿಗೆ ಸಿಂಕ್ ಸ್ಪೀಡ್ ಎಂದು ಹೆಸರು. ಕ್ಯಾಮೆರಾದಿಂದ ದೀಪಕ್ಕೆ ಮಿಂಚು ಎಂದು ಹೇಳುವ ಸಾಧನ ಟ್ರಿಗರ್; ಕಡಿಮೆ ಬೆಲೆಯ ಟ್ರಿಗರ್‌ಗಳು ಸಂಕೇತ ಮುಟ್ಟಿಸುವಲ್ಲಿ ತುಸು ತಡಮಾಡುವುದರಿಂದ 1/125ಕ್ಕೆ ನಿಂತುಬಿಡುವುದು ಕ್ಷೇಮ.

ಹಾಗಿದ್ದರೆ ಆರಂಭ ಎಲ್ಲಿಂದ? ಶಟರ್ 1/125, ಅಪರ್ಚರ್ ಎಫ್ 8, ಐಎಸ್‌ಒ 100. ಇಷ್ಟನ್ನು ಇಟ್ಟುಕೊಂಡು, ಫ್ಲ್ಯಾಶ್ ಆರಿಸಿ, ಕೋಣೆಯ ಟ್ಯೂಬ್‌ಲೈಟು ಉರಿಯುತ್ತಿರುವಂತೆಯೇ ಒಂದು ಚಿತ್ರ ತೆಗೆಯಿರಿ. ಅದು ಕಪ್ಪಾಗಿ ಬರಬೇಕು. ಬಂದರೆ ಕೋಣೆಯ ಬೆಳಕು ನಿಮ್ಮ ಚಿತ್ರದಿಂದ ಹೊರಗೆ ಹೋಯಿತು ಎಂದರ್ಥ. ಇನ್ನು ಮುಖದ ಮೇಲೆ ಬೀಳುವ ಬೆಳಕಿನ ಪ್ರತಿಯೊಂದು ಪಾಲೂ ನಿಮ್ಮ ದೀಪದ್ದು. ಈ ಒಂದು ಕಪ್ಪು ಚಿತ್ರವನ್ನು ತೆಗೆಯದೆ ಮುಂದಕ್ಕೆ ಹೋದವರು, ಬೆಳಕು ಯಾವುದರಿಂದ ಬಂತು ಎಂದು ತಿಳಿಯದೆ ಗುಂಡಿಗಳನ್ನು ತಿರುಗಿಸುತ್ತಲೇ ಇರುತ್ತಾರೆ. ಕ್ಯಾಮೆರಾದ ಬಿಳಿ ಸಮತೋಲವನ್ನು (ವೈಟ್ ಬ್ಯಾಲೆನ್ಸ್) ಫ್ಲ್ಯಾಶ್ ಗುರುತಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಟ್ಟರೆ ಬಣ್ಣದ ಚಿಂತೆಯೂ ಮುಗಿಯಿತು.

ಈಗ ದೂರದ ವಿಷಯ. ಮಾಳಿಗೆ ಮನೆಯ ಪಡಸಾಲೆಯಲ್ಲಿ ತಲಬಾಗಿಲಿನ ಪಕ್ಕ ಕುಳಿತವರ ಮುಖದ ಮೇಲಿನ ಬೆಳಕನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ನೆರಳು ಕೆನ್ನೆಯ ಮೇಲೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು, ಏಕೆಂದರೆ ಬಾಗಿಲು ದೊಡ್ಡದು ಮತ್ತು ಹತ್ತಿರ. ಅದೇ ಮನೆಯ ಮೇಲ್ಛಾವಣಿಯ ಬೆಳಕಿಂಡಿಯಿಂದ ಬಿಸಿಲು ಬಿದ್ದರೆ ನೆರಳಿನ ಅಂಚು ಚಾಕುವಿನಿಂದ ಕೊಯ್ದಂತಿರುತ್ತದೆ. ದೀಪಕ್ಕೆ ತೊಡಿಸುವ ಸಾಫ್ಟ್‌ಬಾಕ್ಸ್ (ಮುಂಬದಿಗೆ ಬಿಳಿ ಬಟ್ಟೆಯಿರುವ ಪೆಟ್ಟಿಗೆ) ಅಥವಾ ಕೊಡೆ ಮಾಡುವುದು ಪುಟ್ಟ ಕೊಳವೆಯ ಬೆಳಕನ್ನು ಬಾಗಿಲಿನಷ್ಟು ಅಗಲ ಮಾಡುವ ಕೆಲಸ. ಆದರೆ ಅಗಲ ಎಂಬುದು ಕುಳಿತವರ ಕಡೆಯಿಂದ ನೋಡಿದಾಗಿನ ಅಗಲ. 60 ಸೆಂ.ಮೀ.ಗೆ 90 ಸೆಂ.ಮೀ. ಸಾಫ್ಟ್‌ಬಾಕ್ಸನ್ನು ಮುಖದಿಂದ ಮೂರೂವರೆ ಅಡಿಯಲ್ಲಿಟ್ಟರೆ ಅದು ಮೃದು ಬೆಳಕು. ಅದನ್ನೇ ಹನ್ನೆರಡು ಅಡಿ ಹಿಂದಕ್ಕೆ ಒಯ್ದರೆ ಬರಿಯ ಬಲ್ಬಿನ ಗಡಸುತನದ ಕಡೆಗೆ ವಾಲುತ್ತದೆ. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ದೀಪವನ್ನು ಹಿಂದಕ್ಕೆ ಸರಿಸುವವರು ಬಹಳ. ಹತ್ತಿರ ತಂದು ಶಕ್ತಿ ಇಳಿಸುವುದು ಸರಿಯಾದ ಕ್ರಮ.

ದೂರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಶಾಲೆಯ ಭೌತಶಾಸ್ತ್ರದ ವಿಲೋಮ ವರ್ಗ ನಿಯಮವೇ ಇದು. ಸ್ಟುಡಿಯೋದಲ್ಲಿ ಇದರ ಅರ್ಥ ಹಿಂದಿನ ಗೋಡೆಯಲ್ಲಿ ಕಾಣುತ್ತದೆ. ದೀಪದಿಂದ ಮುಖಕ್ಕೆ 1 ಮೀಟರ್, ಗೋಡೆಗೆ 3 ಮೀಟರ್ ಇದ್ದರೆ ಬಿಳಿ ಗೋಡೆಯೂ ಮಂಕು ಬೂದಿಯಾಗುತ್ತದೆ. ಮುಖವನ್ನೂ ಗೋಡೆಯನ್ನೂ ಇದ್ದಲ್ಲೇ ಬಿಟ್ಟು ದೀಪವನ್ನಷ್ಟೇ ಹಿಂದಕ್ಕೆ ಸರಿಸಿ, ಮುಖಕ್ಕೆ 3 ಮೀಟರ್, ಗೋಡೆಗೆ 5 ಮೀಟರ್ ಆಗುವಂತೆ ಮಾಡಿದರೆ, ಶಕ್ತಿ ಹೆಚ್ಚಿಸಿದಾಗ ಗೋಡೆಗೂ ಮುಖದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ಸಿಗುತ್ತದೆ. ಒಂದೇ ಗೋಡೆ ಕಪ್ಪಿಗೂ ಬಿಳಿಗೂ ನಡುವೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ನೀವು. ಬಣ್ಣಬಣ್ಣದ ಪರದೆಗಳ ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ ನೋಡಬೇಕು.

ಮನೆಮಂದಿಯ ಗುಂಪು ಚಿತ್ರಕ್ಕೂ ಇದೇ ಲೆಕ್ಕ. ಸಾಲಿನ ಈ ತುದಿಯ ಅಣ್ಣನಿಗೆ ದೀಪ 1 ಮೀಟರ್, ಆ ತುದಿಯ ಅತ್ತಿಗೆಗೆ 3 ಮೀಟರ್ ದೂರ ಇದ್ದರೆ ಇಬ್ಬರಿಗೂ ಒಂಬತ್ತು ಪಟ್ಟು ವ್ಯತ್ಯಾಸ. ದೀಪವನ್ನು ಹಿಂದಕ್ಕೆ ಒಯ್ದು 4 ಮತ್ತು 6 ಮೀಟರ್ ಮಾಡಿದರೆ ವ್ಯತ್ಯಾಸ ಎರಡೂಕಾಲು ಪಟ್ಟಿಗೆ ಇಳಿಯುತ್ತದೆ.

ಹತ್ತಿರವೇ ಯಾವಾಗಲೂ ಒಳ್ಳೆಯದು ಎಂದೂ ಅಲ್ಲ. ತಲೆಗೆ ಬಿಳಿ ರುಮಾಲು ಸುತ್ತಿ, ಹಣೆಗೆ ವಿಭೂತಿ ಇಟ್ಟು, ಬಿಳಿ ಅಂಗಿ ಧೋತರದಲ್ಲಿ ಬಂದು ಕುಳಿತ ಅಜ್ಜನನ್ನು ಎಣಿಸಿಕೊಳ್ಳಿ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಹೀಗೆ ಬಂದು ಫೋಟೊ ತೆಗೆಸಿಕೊಳ್ಳುವ ಹಿರಿಯರ ಚಿತ್ರ ಸರಿಯಾಗಿ ಬಂದರೆ, ಅದು ಆ ಮನೆಯ ನಡುಮನೆಯ ಗೋಡೆಯ ಮೇಲೆ ತಲೆಮಾರು ಕಾಲ ಇರುತ್ತದೆ. ಅದಕ್ಕೇ ಈ ಚಿತ್ರಕ್ಕೆ ಹೆಚ್ಚು ಹೊತ್ತು ಕೊಡಬೇಕು ಎನ್ನುತ್ತೇನೆ. ಬಿಸಿಲಿಗೆ ಬೆಂದ ಕಂದು ಮುಖ, ಅದರ ಮೇಲೆ ಅಚ್ಚ ಬಿಳಿಯ ರುಮಾಲು. ದೀಪ ಮೇಲಿನಿಂದ ಇಳಿಯುವುದರಿಂದ ಮುಖಕ್ಕಿಂತ ರುಮಾಲೇ ಅದಕ್ಕೆ ಹತ್ತಿರ. ಮುಖ 60 ಸೆಂ.ಮೀ. ದೂರದಲ್ಲಿದ್ದು ರುಮಾಲು 45ರಲ್ಲಿದ್ದರೆ, ರುಮಾಲಿಗೆ ಹೆಚ್ಚುಕಡಿಮೆ ಎರಡು ಪಟ್ಟು ಬೆಳಕು ಬಿದ್ದು ಅದರ ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ. ದೀಪವನ್ನು ಒಂದೂವರೆ ಮೀಟರಿಗೆ ಸರಿಸಿದರೆ ಆ ಹದಿನೈದು ಸೆಂಟಿಮೀಟರಿನ ವ್ಯತ್ಯಾಸಕ್ಕೆ ಕಾಲು ಭಾಗದಷ್ಟೇ ಹೆಚ್ಚುವರಿ ಬೆಳಕು. ಮೃದುತನ ಸ್ವಲ್ಪ ಹೋಯಿತು, ರುಮಾಲಿನ ಮಡಿಕೆ ಉಳಿಯಿತು.

ಇನ್ನೊಂದು ಉಪಾಯವೂ ಇದೆ. ಸಾಫ್ಟ್‌ಬಾಕ್ಸಿನ ನಡುಭಾಗ ಮುಖಕ್ಕೆ ನೇರ ಗುರಿಯಿಡದೆ ಎದೆಯ ಮುಂದೆ ಹಾದುಹೋಗುವಂತೆ ತಿರುಗಿಸಿದರೆ ಮುಖಕ್ಕೆ ಅಂಚಿನ ಬೆಳಕು ಬೀಳುತ್ತದೆ, ರುಮಾಲಿಗೆ ಇನ್ನೂ ಕಡಿಮೆ. ಆಮೇಲೆ ಅತಿ ಬೆಳಕು ಬಿದ್ದ ಜಾಗವನ್ನು ಪರದೆಯಲ್ಲಿ ಮಿನುಗಿಸಿ ತೋರಿಸುವ ಕ್ಯಾಮೆರಾದ ಹೈಲೈಟ್ ಎಚ್ಚರಿಕೆ ಹಾಕಿಕೊಂಡು, ರುಮಾಲು ಮಿನುಗುವುದು ನಿಲ್ಲುವವರೆಗೆ ಶಕ್ತಿ ಇಳಿಸಬೇಕು. ವಿಭೂತಿಯ ಮೂರು ಗೆರೆಗಳು ಒಂದಕ್ಕೊಂದು ಅಂಟದೆ ಬೇರೆಬೇರೆಯಾಗಿ ಕಂಡವು ಎಂದರೆ ಎಕ್ಸ್‌ಪೋಷರ್ ಸರಿಯಿದೆ ಎಂದೇ ಲೆಕ್ಕ.

ದೀಪದ ಎತ್ತರವನ್ನು ಹೇಳಿಕೊಡುವುದು ಮಾಡೆಲಿಂಗ್ ಲ್ಯಾಂಪ್. ಫ್ಲ್ಯಾಶ್ ಕೊಳವೆಯ ಪಕ್ಕದಲ್ಲೇ ಸದಾ ಉರಿಯುವ ಈ ಸಣ್ಣ ದೀಪ, ಮಿಂಚು ಹೊಡೆದಾಗ ನೆರಳು ಎಲ್ಲಿ ಬೀಳಲಿದೆ ಎಂದು ಮೊದಲೇ ತೋರಿಸುತ್ತದೆ. ದೀಪವನ್ನು ಮುಖದ ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿಸಿ, ಕಣ್ಣಿನ ಮಟ್ಟದಿಂದ ಮೇಲೆತ್ತಿ, ಮೂಗಿನ ನೆರಳು ತುಟಿಯ ಮೂಲೆಯ ಕಡೆಗೆ ಇಳಿಯುವಲ್ಲಿ ನಿಲ್ಲಿಸಿ. ಇನ್ನೂ ಸ್ವಲ್ಪ ಪಕ್ಕಕ್ಕೆ ಒಯ್ದರೆ ಆ ನೆರಳು ಕೆನ್ನೆಯ ನೆರಳನ್ನು ಕೂಡಿ, ದೂರದ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಉಳಿಯುತ್ತದೆ. ಡಚ್ ಚಿತ್ರಕಾರನ ಹೆಸರಿನಲ್ಲಿ ಇದನ್ನು ರೆಂಬ್ರಾಂಟ್ ಬೆಳಕು ಎನ್ನುತ್ತಾರೆ. ಕಣ್ಣು ಆಳಕ್ಕಿಳಿದ ಹಿರಿಯರಿಗೆ ದೀಪ ತೀರ ಮೇಲಿದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಆಗ ಕೆಳಗಿಳಿಸಿ. ಎರಡೂ ಕಣ್ಣುಗಳಲ್ಲಿ ದೀಪದ ಬಿಳಿ ಹೊಳಪು ಕಾಣಬೇಕು. ಅದಿಲ್ಲದ ಕಣ್ಣಿಗೆ ಜೀವವಿಲ್ಲ. ಕನ್ನಡಕ ಹಾಕಿದವರಿದ್ದರೆ ದೀಪವನ್ನೇ ತುಸು ಮೇಲಕ್ಕೋ ಪಕ್ಕಕ್ಕೋ ಸರಿಸಿದರೆ ಗಾಜಿನ ಮೇಲಿನ ಹೊಳಪು ತಪ್ಪುತ್ತದೆ.

ಪಕ್ಕದಿಂದ ಬೀಳುವ ಬೆಳಕಿಗೆ ಬಟ್ಟೆಯೂ ಮಾತಾಡುತ್ತದೆ. ಧಾರವಾಡದ ಕಸೂತಿಯ ಎಳೆಗಳು, ಹಾವೇರಿಯ ಏಲಕ್ಕಿ ಹಾರದ ಒಂದೊಂದು ಕಾಯಿ ಎದ್ದು ಕಾಣುವುದು ಓರೆ ಬೆಳಕಿನಲ್ಲಿ. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ಹೊಡೆದರೆ ಎರಡೂ ಚಪ್ಪಟೆಯಾಗಿ ಅಚ್ಚು ಹಾಕಿದಂತೆ ಬರುತ್ತವೆ.

ಚರ್ಮದ ಬಣ್ಣದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ ಎಂದು ಕೇಳುವವರು ಇದ್ದಾರೆ, ಕೇಳದಿದ್ದರೂ ಮಾಡಿ ಕೊಡುವವರೂ ಇದ್ದಾರೆ. ಫ್ಲ್ಯಾಶಿನ ಶಕ್ತಿ ಏರಿಸಿ ಮುಖ ಬಿಳಿಚುವಂತೆ ಮಾಡಿದರೆ, ಕಂದು ಚರ್ಮದ ನಿಜವಾದ ಸೊಗಸು ಮೊದಲು ನಾಶವಾಗುತ್ತದೆ, ಕೆನ್ನೆ ಮತ್ತು ಹಣೆಯ ಮೇಲೆ ಮೆಲ್ಲಗೆ ಇಳಿಯುವ ಹೊಳಪೇ ಆ ಸೊಗಸು. ದೊಡ್ಡ ದೀಪವನ್ನು ಹತ್ತಿರವಿಟ್ಟು, ಬಣ್ಣವನ್ನು ಇದ್ದ ಹಾಗೆ ಹಿಡಿದು ನೋಡಿ, ಆ ಹೊಳಪೇ ಮುಖಕ್ಕೆ ರೂಪ ಕೊಡುತ್ತದೆ. ಫೋಟೊಗೆಂದು ಬಂದವರು ಹಚ್ಚಿಕೊಂಡ ಪೌಡರ್ ಬರಿಗಣ್ಣಿಗೆ ಕಾಣದಿದ್ದರೂ ಫ್ಲ್ಯಾಶಿಗೆ ಬೂದಿ ಬಣ್ಣವಾಗಿ ಕಾಣುತ್ತದೆ. ಒದ್ದೆ ಕರವಸ್ತ್ರ ಕೊಟ್ಟು, ಮುಖ ಒರೆಸಿಕೊಳ್ಳಿ ಎಂದು ಗೌರವದಿಂದ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನೆರಳಿನ ಬದಿ ತೀರ ಕಪ್ಪಾಯಿತು ಎನಿಸಿದರೆ ಎರಡನೆಯ ದೀಪಕ್ಕೆ ಓಡಬೇಕಿಲ್ಲ. ದೀಪದ ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ಅದೇ ಬೆಳಕು ಹಿಂದಿರುಗಿ ನೆರಳನ್ನು ತಿಳಿಗೊಳಿಸುತ್ತದೆ, ಹತ್ತಿರ ತಂದಷ್ಟೂ ಹೆಚ್ಚು. ಇದಕ್ಕೆ ವಿರುದ್ಧವಾದ ತೊಂದರೆ ಬಿಳಿ ಸುಣ್ಣದ ಸಣ್ಣ ಕೋಣೆಗಳದ್ದು. ಅಲ್ಲಿ ನಾಲ್ಕೂ ಗೋಡೆಗಳು ಬೆಳಕನ್ನು ಎಸೆದು ನೆರಳೇ ಉಳಿಯದಂತೆ ಮಾಡುತ್ತವೆ. ಆಗ ನೆರಳಿನ ಬದಿಗೆ ಮನೆಯ ಕರಿ ಕಂಬಳಿಯನ್ನು ಇಳಿಬಿಡಿ. ಕುರಿಯ ಉಣ್ಣೆಯ ಒರಟು ಮೈ ಬೆಳಕನ್ನು ಹೀರಿಕೊಳ್ಳುವಷ್ಟು ಚೆನ್ನಾಗಿ ಎಷ್ಟೋ ನಯವಾದ ಕಪ್ಪು ಬಟ್ಟೆಗಳು ಹೀರುವುದಿಲ್ಲ. ತಿಳಿ ಹಸಿರು, ನೀಲಿ ಬಣ್ಣದ ಗೋಡೆಗಳಿದ್ದರೆ ಆ ಬಣ್ಣ ಕೆನ್ನೆಯ ನೆರಳಿಗೆ ಇಳಿಯುತ್ತದೆ, ಅದಕ್ಕೂ ಕಂಬಳಿಯೇ ಮದ್ದು. ಇಂಥ ಕೋಣೆಗೆ ಕೊಡೆಗಿಂತ ಸಾಫ್ಟ್‌ಬಾಕ್ಸ್ ಮೇಲು, ಏಕೆಂದರೆ ಕೊಡೆ ಬೆಳಕನ್ನು ಕೋಣೆಯ ತುಂಬ ಚೆಲ್ಲುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಎರಡು ಮಾತು. ಕರೆಂಟು ಹೋದಾಗ ಮನೆಯ ಇನ್ವರ್ಟರಿಗೆ ಫ್ಲ್ಯಾಶನ್ನು ಸಿಕ್ಕಿಸಬೇಡಿ. ಶುದ್ಧ ಸೈನ್ ತರಂಗ, ಅಂದರೆ ಲೈನಿನ ಕರೆಂಟಿನಂಥ ನಯವಾದ ಅಲೆ, ಕೊಡದ ಇನ್ವರ್ಟರಿನಿಂದ ಅದರ ಸರ್ಕ್ಯೂಟು ಸುಡಬಹುದು. ಮದುವೆ, ಜಾತ್ರೆ ಎಂದು ಹೊರಗೆ ಹೋಗುವವರಿಗೆ ಬ್ಯಾಟರಿಯ ದೀಪವೇ ಸರಿ. ಎರಡನೆಯದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವಕ್ಕೇ ಎರವಾಗುವಷ್ಟು ವಿದ್ಯುತ್ ಉಳಿದಿರುತ್ತದೆ, ದೀಪ ಕೆಟ್ಟರೆ ಮನೆಯಲ್ಲಿ ಬಿಚ್ಚಲೇಬೇಡಿ. ಸ್ಟ್ಯಾಂಡಿನ ಕಾಲಿಗೆ ಉಸುಕು ತುಂಬಿದ ಚೀಲ ಹಾಕುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ, ದೊಡ್ಡ ಸಾಫ್ಟ್‌ಬಾಕ್ಸ್ ಹೊತ್ತ ಸ್ಟ್ಯಾಂಡು ಫ್ಯಾನಿನ ಗಾಳಿಗೂ ವಾಲುತ್ತದೆ.

ಕೊಳ್ಳುವ ಹಣದಲ್ಲಿ ಒಂದು ದೀಪ, ಗಟ್ಟಿ ಸ್ಟ್ಯಾಂಡು, ಒಂದು ಟ್ರಿಗರ್, ಒಂದು ಒಳ್ಳೆಯ ಸಾಫ್ಟ್‌ಬಾಕ್ಸ್ ಬಂದರೆ ಬಹಳ ಕಾಲ ಸಾಕು. ಎರಡನೆಯ ದೀಪ ಯಾವಾಗ ಬೇಕು ಎಂಬುದನ್ನು ಚಿತ್ರವೇ ಹೇಳುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಕೂದಲು ಕರಗಿಹೋಗಿ, ತಲೆಯ ಅಂಚು ಎಲ್ಲಿ ಮುಗಿಯಿತೆಂದು ಕಾಣದಿದ್ದಾಗ ಅದರ ಅಗತ್ಯ ಬಂತು. ಆಗ ಅದನ್ನು ಕುಳಿತವರ ಹಿಂದೆ, ಮುಖ್ಯ ದೀಪದ ಎದುರು ಮೂಲೆಗೆ, ತಲೆಗಿಂತ ಎತ್ತರದಲ್ಲಿಟ್ಟು, ಬೆಳಕು ಲೆನ್ಸಿಗೆ ಬೀಳದಂತೆ ಜೇನುಗೂಡಿನಾಕಾರದ ಜಾಲರಿ ತೊಡಿಸಿ, ಅತಿ ಕಡಿಮೆ ಶಕ್ತಿಯಿಂದ ಶುರುಮಾಡಿ. ಕೂದಲಿನ ಮೇಲೆ ತೆಳು ಗೆರೆ ಮೂಡಿದೊಡನೆ ನಿಲ್ಲಿಸಬೇಕು.