ಗೇರ್ ಬಾಗಿಲು ಕೂಡದಿದ್ದಾಗ ರಾಡಿಗೆ ಕೈ ಹಾಕುವ ಮುನ್ನ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್ ಟಿಯು-142 ವಿಮಾನವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಪ್ರೊಪೆಲ್ಲರುಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಒಳಬದಿಯ ಎಂಜಿನುಗಳ ಹಿಂದೆ ರೆಕ್ಕೆಯಿಂದಾಚೆಗೆ ಚಾಚಿರುವ ಉದ್ದನೆಯ ಗೂಡುಗಳನ್ನು ಗಮನಿಸುವವರು ಕಡಿಮೆ. ಹಾರಾಟದಲ್ಲಿ ಮುಖ್ಯ ಚಕ್ರಗಳು ಮಡಚಿಕೊಂಡು ಆ ಗೂಡುಗಳೊಳಗೆ ಸೇರುತ್ತವೆ, ಗೂಡಿನ ಬಾಯಿಯನ್ನು ಬಾಗಿಲುಗಳು ಮುಚ್ಚುತ್ತವೆ. ಚಕ್ರ ಮತ್ತು ಅದರ ಕಾಲನ್ನು ಒಟ್ಟಾಗಿ ಗೇರ್ ಎನ್ನುತ್ತಾರೆ. ನಾಲ್ಕೈದು ಆಸನಗಳ ಸಣ್ಣ ವಿಮಾನದಲ್ಲೂ ಕೆಲಸ ಇದೇ. ಬಾಗಿಲು ಮಾತ್ರ ಮೊಳದುದ್ದದ ತೆಳು ಅಲ್ಯೂಮಿನಿಯಂ ಹಾಳೆ. ಆ ಹಾಳೆ ಸರಿಯಾಗಿ ಕೂಡದಿದ್ದರೆ ಏನು ಮಾಡಬೇಕು ಎಂದು ವಿಮಾನ ನಿರ್ವಹಣೆ ಕಲಿಯುತ್ತಿರುವ ನಮ್ಮ ಜಿಲ್ಲೆಯ ಹುಡುಗರು ಆಗಾಗ ಕೇಳುವುದರಿಂದ ಈ ಬಾರಿ ಅದನ್ನೇ ಎತ್ತಿಕೊಂಡಿದ್ದೇನೆ.

ಸೆಸ್ನಾ 172ರಂಥ ತರಬೇತಿ ವಿಮಾನದ ಚಕ್ರಗಳು ಸದಾ ಹೊರಗೇ ಇರುವುದರಿಂದ ಅದಕ್ಕೆ ಈ ತಾಪತ್ರಯವಿಲ್ಲ. ಸೆಸ್ನಾ 210 ಮಾದರಿಯ ಮುಖ್ಯ ಚಕ್ರಗಳ ಬಾಗಿಲುಗಳನ್ನು ಕಂಪನಿಯೇ 1979ರಿಂದ ಕೈಬಿಟ್ಟಿತು, ಮತ್ತು ನನ್ನ ದೃಷ್ಟಿಯಲ್ಲಿ ಅದು ವಿವೇಕದ ನಿರ್ಧಾರ. ಬೀಚ್‌ಕ್ರಾಫ್ಟ್ ಬೊನಾಂಜಾದಂಥ ವಿಮಾನಗಳಲ್ಲಿ ಬಾಗಿಲುಗಳು ಇಂದಿಗೂ ಇವೆ. ಪೈಲಟ್ ತರುವ ದೂರು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ: ಚಕ್ರ ಎತ್ತಿದ ಮೇಲೂ ಕಾಲಡಿಯಲ್ಲಿ ಗುಡುಗುಡು ಸದ್ದು ನಿಲ್ಲುವುದಿಲ್ಲ, ವೇಗ ಕೆಲವು ನಾಟ್ ಕಡಿಮೆಯಾಗಿದೆ, ಇಲ್ಲವೇ ಗೇರ್ ಲಾಕ್ ಆಗಿಲ್ಲವೆಂದು ಕೆಂಪು ದೀಪ ಉರಿಯುತ್ತಲೇ ಇದೆ.

ಹ್ಯಾಂಗರಿನಲ್ಲಿ ಬಾಗಿಲಂಚು ಬೆರಳಿನಷ್ಟು ಜೋತುಬಿದ್ದಿರುವುದು ಕಂಡ ತಕ್ಷಣ ಹೊಸಬರು ಹೇಳುವ ಮಾತು, "ಸರ್, ರಾಡ್ ಒಂದರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ." ಹೌದು, ಕಣ್ಣಿಗೆ ಸರಿಹೋಗುತ್ತದೆ. ಆದರೆ ಬಾಗಿಲನ್ನು ಎಳೆಯುವ ಆ ರಾಡು ಹಿಂದಿನ ತಪಾಸಣೆಯಿಂದ ಇಂದಿನವರೆಗೆ ತಾನಾಗಿ ಉದ್ದವಾಗಿರಲು ಸಾಧ್ಯವಿಲ್ಲ. ಅದರ ಉದ್ದವನ್ನು ಹಿಡಿದಿಡುವ ಲಾಕ್ ನಟ್ ಬಿಗಿಯಾಗಿಯೇ ಇದ್ದರೆ ಬದಲಾಗಿರುವುದು ಬೇರೇನೋ. ಮಳೆಗಾಲದಲ್ಲಿ ಶಿರಸಿ ಕಡೆಯ ಹಳೆಯ ಮನೆಯ ಬಾಗಿಲು ನೆಲಕ್ಕೆ ಉಜ್ಜತೊಡಗಿದಾಗ ಬಲ್ಲ ಆಚಾರಿ ಕೀಸುಳಿ ತೆಗೆಯುವ ಮುನ್ನ ಬಿಜಾಗರಿಯ ಮೊಳೆಗಳನ್ನು ನೋಡುತ್ತಾನೆ. ಇಲ್ಲಿಯೂ ಹಾಗೆಯೇ.

ಬಹುತೇಕ ಸಣ್ಣ ವಿಮಾನಗಳಲ್ಲಿ ಬಾಗಿಲಿಗೆ ತನ್ನದೇ ಆದ ಮೋಟಾರು ಇರುವುದಿಲ್ಲ. ಚಕ್ರದ ಕಾಲು ಅಥವಾ ಅದನ್ನು ಎಳೆಯುವ ಬೆಲ್ ಕ್ರ್ಯಾಂಕ್ (ಚಲನೆಯ ದಿಕ್ಕು ಬದಲಿಸುವ ಸನ್ನೆ) ಚಲಿಸಿದಾಗ ಒಂದು ಪುಶ್ ರಾಡ್ ಬಾಗಿಲನ್ನು ಜೊತೆಗೇ ಎಳೆದುಕೊಳ್ಳುತ್ತದೆ. ಆದ್ದರಿಂದ ದಾರಿಯಲ್ಲಿ ಎಲ್ಲಿ ಸಡಿಲವಾದರೂ ಅದು ಬಾಗಿಲಂಚಿನಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇಂಚಿಗೆ 28 ಎಳೆಯಿರುವ ರಾಡ್ ಎಂಡನ್ನು (ರಾಡಿನ ತುದಿಗೆ ತಿರುಪಿ ಕೂಡಿಸುವ ಕೀಲನ್ನು) ಒಂದು ಪೂರ್ಣ ಸುತ್ತು ತಿರುಗಿಸಿದರೆ ಉದ್ದ ಬದಲಾಗುವುದು ಸುಮಾರು 0.9 ಮಿಲಿಮೀಟರ್. ರಾಡು ಬಿಜಾಗರಿಯಿಂದ 5 ಸೆಂಟಿಮೀಟರ್ ದೂರದಲ್ಲಿ ಬಾಗಿಲಿಗೆ ಕೂಡಿದ್ದು, ಅಂಚು 25 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಂಡರೆ ಆ ಒಂದು ಸುತ್ತಿಗೆ ಅಂಚು ನಾಲ್ಕೂವರೆ ಮಿಲಿಮೀಟರ್ ಸರಿಯುತ್ತದೆ. ರಾಡ್ ಎಂಡಿನ ಗುಂಡಿನಲ್ಲೋ ಕ್ರ್ಯಾಂಕಿನ ಬುಶ್ಶಿನಲ್ಲೋ (ಕೀಲಿನ ರಂಧ್ರದೊಳಗಿನ ಬಳೆಯಲ್ಲೋ) ಅರ್ಧ ಮಿಲಿಮೀಟರ್ ಸವೆತವಾದರೂ ಅದೇ ಲೆಕ್ಕ ಅನ್ವಯಿಸುತ್ತದೆ. ಸವೆದ ಬುಶ್ಶನ್ನು ಹಾಗೇ ಬಿಟ್ಟು ರಾಡಿನ ಉದ್ದ ಬದಲಿಸಿದರೆ ನಿಂತಾಗ ಬಾಗಿಲು ಕೂಡುತ್ತದೆ, ಹಾರಾಟದಲ್ಲಿ ಮತ್ತೆ ಅದುರುತ್ತದೆ.

ಹಾಗಾಗಿ ಮೊದಲು ವಿಚಾರಿಸಬೇಕಾದದ್ದು, ಬಾಗಿಲು ಒಮ್ಮೆಲೇ ಕೆಟ್ಟಿತೇ, ನಿಧಾನವಾಗಿ ಕೆಟ್ಟಿತೇ ಎಂಬುದು. ಟೈರ್ ಬದಲಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಟೈರನ್ನೇ ಅಳೆಯಬೇಕು. ರೀಟ್ರೆಡ್ ಟೈರು ಹೊಸದಕ್ಕಿಂತ ತುಸು ದಪ್ಪವಿದ್ದು ಬಾಗಿಲನ್ನು ಒಳಗಿನಿಂದ ತಳ್ಳುವುದುಂಟು. ವಿಮಾನವನ್ನು ಜಾಕ್ ಮೇಲಿಟ್ಟು, ಟೈರಿಗೆ ಸೀಮೆಸುಣ್ಣ ಬಳಿದು ಒಮ್ಮೆ ಗೇರ್ ಮಡಚಿದರೆ ತಾಗುವ ಜಾಗ ಬಾಗಿಲೊಳಗೆ ಬಿಳಿಯಾಗಿ ಮೂಡುತ್ತದೆ. ಒರಟು ಲ್ಯಾಂಡಿಂಗಿನ ಬಳಿಕ ಕೆಟ್ಟಿದ್ದರೆ ರಾಡು ಬಾಗಿದೆಯೇ, ಬ್ರ್ಯಾಕೆಟ್ಟಿನಲ್ಲಿ ಬಿರುಕಿದೆಯೇ ಎಂದು ನೋಡಬೇಕು.

ನಿಧಾನವಾಗಿ ಕೆಟ್ಟಿದ್ದರೆ ಕರಾವಳಿಯವರಾದ ನಾವು ಮೊದಲು ಸಂಶಯಿಸಬೇಕಾದದ್ದು ಬಿಜಾಗರಿಯನ್ನು. ಬಾಗಿಲಿನ ಉದ್ದಕ್ಕೂ ಓಡುವ ಅಲ್ಯೂಮಿನಿಯಂ ಪಟ್ಟಿಯ ಬಿಜಾಗರಿಯೊಳಗೆ ಉಕ್ಕಿನ ಸರಳು ಕೂತಿರುತ್ತದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪು ಬೆರೆತ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಈ ತೀರದಲ್ಲಿ, ಮುಂದೆ ಅಂಕೋಲಾ ಬಳಿಯ ಅಲಗೇರಿಯಲ್ಲಿ ಯೋಜಿಸಿರುವ ನಾಗರಿಕ ನಿಲ್ದಾಣಕ್ಕೆ ಸಣ್ಣ ವಿಮಾನಗಳು ಬಂದು ನಿಲ್ಲುವಂತಾದರೆ, ಇದು ದಿನನಿತ್ಯದ ತಲೆಬಿಸಿಯಾಗಲಿದೆ. ಗುರುತಿಸುವುದು ಕಷ್ಟವಲ್ಲ. ಟಾರ್ಚ್ ಹಿಡಿದು ಬಿಜಾಗರಿಯ ಗೆಣ್ಣುಗಳ ಸಂದಿಯನ್ನು ನೋಡಿದರೆ ಬಿಳಿ ಪುಡಿ ಕಾಣುತ್ತದೆ. ಅದು ಕೊರೆತದ ಗುರುತು. ರಿವೆಟ್ಟುಗಳ ಸುತ್ತ ಗಾಳಿ ಹರಿಯುವ ದಿಕ್ಕಿಗೆ ಕಾಡಿಗೆಯಂಥ ಕಪ್ಪು ಗೆರೆಗಳು ಎಳೆದಿದ್ದರೆ ರಿವೆಟ್ ಸಡಿಲಾಗಿ ಒಳಗೇ ಉಜ್ಜುತ್ತಿದೆ ಎಂದರ್ಥ. ಇವೆರಡರಲ್ಲಿ ಒಂದು ಕಂಡರೂ ಹೊಂದಾಣಿಕೆಯ ಮಾತು ಆಮೇಲೆ, ರಿಪೇರಿ ಮೊದಲು.

ಸವೆದ ಭಾಗಗಳೆಲ್ಲ ಬದಲಾದ ಮೇಲೆ ವಿಮಾನವನ್ನು ಜಾಕ್ ಮೇಲೆ ಎತ್ತಬೇಕು. ಅದು ಮುಚ್ಚಿದ ಹ್ಯಾಂಗರಿನಲ್ಲೇ ಆಗಬೇಕು, ಬಯಲಿನ ಗಾಳಿಯಲ್ಲಿ ಸಲ್ಲದು. ಬಾಗಿಲಿನ ರಾಡುಗಳನ್ನು ಬಿಚ್ಚಿಟ್ಟು, ಚಕ್ರಗಳು ಮೇಲೆಯೂ ಕೆಳಗೂ ಸರಿಯಾಗಿ ಲಾಕ್ ಆಗುತ್ತವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ವಿದ್ಯುತ್ತನ್ನು ಹೊರಗಿನ ಸಪ್ಲೈಯಿಂದ, ಕೈಪಿಡಿ ಹೇಳಿದ ವೋಲ್ಟೇಜಿನಲ್ಲೇ ಕೊಡಬೇಕು. ಸೊರಗಿದ ಬ್ಯಾಟರಿಯಿಂದ ಓಡಿದ ಮೋಟಾರು ಹಾರಾಟದಲ್ಲಿ ನಿಲ್ಲುವ ಜಾಗದಲ್ಲಿ ನಿಲ್ಲುವುದಿಲ್ಲ. ಕಾಕ್‌ಪಿಟ್ಟಿನಲ್ಲಿ ಒಬ್ಬ, ಚಕ್ರದ ಬಳಿ ಒಬ್ಬ ಇದ್ದು, ಕೆಳಗಿನವನು ಕೂಗಿ ಹೇಳುವ ತನಕ ಮೇಲಿನವನು ಸ್ವಿಚ್ ಮುಟ್ಟಕೂಡದು. ಕೊನೆಯ ಕೆಲವು ಇಂಚುಗಳಲ್ಲಿ ಆ ಬಾಗಿಲಿನ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ.

ಇನ್ನು ಹೊಂದಾಣಿಕೆ. ಬಾಗಿಲು ಮೈಗೆ ಸಮವಾಗಿ ಕೂತರೆ ಸಾಕು ಎಂಬ ತಿಳಿವಳಿಕೆ ತಪ್ಪು. ಹಾರಾಟದಲ್ಲಿ ಹೊರಗಿನ ಒತ್ತಡ ಗೂಡಿನೊಳಗಿನದಕ್ಕಿಂತ ಕಡಿಮೆಯಿರುವ ಕಡೆ ಗಾಳಿ ಬಾಗಿಲನ್ನು ಹೊರಕ್ಕೆ ಹೀರುತ್ತದೆ. ಆದ್ದರಿಂದ ಚಕ್ರ ಪೂರ್ತಿ ಮೇಲೇರುವುದಕ್ಕೆ ತುಸು ಮುಂಚೆಯೇ ಬಾಗಿಲು ಅಂಚಿಗೆ ತಾಗಿ, ಉಳಿದ ಚಲನೆಯಲ್ಲಿ ಬಿಗಿತ ಪಡೆಯಬೇಕು. ಕಾಗದದ ಪಟ್ಟಿಯೊಂದನ್ನು ಅಂಚಿಗಿಟ್ಟು ಮುಚ್ಚಿ ಎಳೆದರೆ ಉದ್ದಕ್ಕೂ ಒಂದೇ ಹಿಡಿತ ಸಿಗಬೇಕು. ಕೈಪಿಡಿ ಬಲದ ಅಳತೆ ಕೊಟ್ಟಿದ್ದರೆ ಸ್ಪ್ರಿಂಗ್ ತಕ್ಕಡಿ ಬಳಸಬೇಕು. ಆದರೆ ಬಿಗಿತ ಅತಿಯಾದರೆ ಚಕ್ರ ಲಾಕಿನವರೆಗೆ ಏರುವುದಿಲ್ಲ, ಮೋಟಾರು ಹೆಚ್ಚು ಕರೆಂಟ್ ಎಳೆದು ಬ್ರೇಕರ್ ಹಾರುತ್ತದೆ. ಇಲ್ಲಿ ನಾನು ಸದ್ದಿಗಿಂತ ಹೆಚ್ಚು ಹೆದರುವುದು ತುರ್ತು ಇಳಿಕೆಯ ವಿಷಯಕ್ಕೆ. ಕೆಲವು ವಿಮಾನಗಳಲ್ಲಿ ಹೈಡ್ರಾಲಿಕ್ ಒತ್ತಡ ಬಿಟ್ಟಾಗ ಚಕ್ರ ತನ್ನ ಭಾರದಿಂದಲೇ ಬೀಳಬೇಕು. ಬೊನಾಂಜಾದಲ್ಲಿ ಕೈಹಿಡಿಕೆಯನ್ನು ಸುಮಾರು 50 ಸುತ್ತು ತಿರುಗಿಸಬೇಕು. ಬಾಗಿಲು ಕಚ್ಚಿ ಹಿಡಿದರೆ ಇವೆರಡೂ ಸಲೀಸಾಗಿ ನಡೆಯುವುದಿಲ್ಲ. ಬಾಗಿಲಿನ ಕೆಲಸ ಮುಗಿದಾಗಲೆಲ್ಲ ತುರ್ತು ವಿಧಾನದಲ್ಲೂ ಒಮ್ಮೆ ಚಕ್ರ ಇಳಿಸಿ ನೋಡದೆ ವಿಮಾನವನ್ನು ಜಾಕಿನಿಂದ ಕೆಳಗಿಳಿಸಬಾರದು.

ಕೊನೆಯಲ್ಲಿ ರಾಡಿನ ತಪಾಸಣೆ ರಂಧ್ರಕ್ಕೆ ತೆಳು ತಂತಿ ತೂರಿಸಿ ನೋಡಬೇಕು: ತಂತಿ ಆಚೆ ಹೋದರೆ ರಾಡ್ ಎಂಡಿನ ಎಳೆಗಳು ಒಳಗೆ ಸಾಕಷ್ಟು ಸೇರಿಲ್ಲ, ಕೆಲಸ ಮತ್ತೆ ಮೊದಲಿನಿಂದ. ಲಾಕ್ ನಟ್ ಬಿಗಿದು, ನಟ್ ಕಳಚದಂತೆ ಹೊಸ ಕಾಟರ್ ಪಿನ್ ಹಾಕಿ, ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಮಾಡಿದ ಬಳಿಕವೇ ಹಾರಾಟ. ಮೊದಲ ಹಾರಾಟ ಮುಗಿದು ಬಂದಾಗ ಬಾಗಿಲಂಚಿನ ಬಣ್ಣವನ್ನು ಬೆಳಕಿನಲ್ಲಿ ನೋಡಿ. ಒಂದೇ ಮೂಲೆಯಲ್ಲಿ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ ಆ ಮೂಲೆ ಮಾತ್ರ ತಾಗುತ್ತಿದೆ, ಉಳಿದದ್ದು ಇನ್ನೂ ಅದುರುತ್ತಿದೆ.