ಮೇಣ ಹಚ್ಚಿದ ಮರ ಅಂದ್ರೆ ಒಣಗಿದ ಮರ ಅಲ್ಲ ಮಾರಾಯ್ರೆ

ಹೋದ ವಾರ ಬಂದ ಮೂರನೇ ಕೊರಿಯರ್ ಡಬ್ಬಾನೂ ಹಂಗೇ ಇತ್ತು. ಒಳಗೆ ಬಬಲ್ ರ‍್ಯಾಪು, ಅದ್ರೊಳಗೆ ಆರಿಂಚು ಉದ್ದದ ಕೊಕೊಬೋಲೋ ಅನ್ನೋ ಹೊರದೇಶದ ಗಟ್ಟಿ ಮರದ ತುಂಡು, ಮೈತುಂಬ ಮೇಣ, ಜೊತೆಗೊಂದು ಚೀಟಿ, ಮುಂದಿನ ಭಾನುವಾರ ಅಪ್ಪನ ಬರ್ತ್‌ಡೇ ಸರ್, ಅಷ್ಟರೊಳಗೆ ಚಾಕುಗೆ ಹಿಡಿ ಕೂರಿಸಿ ಕೊಡಿ ಅಂತ. ಅಪ್ಪನ ಮೇಲಿನ ಪ್ರೀತಿ ನೋಡಿ ಖುಷಿ ಆಯ್ತು, ತುಂಡು ಕೈಗೆ ತಗೊಂಡು ತೂಕ ನೋಡಿದ್ಮೇಲೆ ಬೇಜಾರಾಯ್ತು. ಮುಂದಿನ ವರ್ಷದ ಬರ್ತ್‌ಡೇಗೆ ಬೇಕಾದ್ರೆ ನೋಡೋಣ ಅಂತ ಫೋನ್ ಮಾಡಿ ಹೇಳ್ದೆ. ಅವರು ಜೋಕು ಅಂದ್ಕೊಂಡು ನಕ್ರು.

ಜೋಕಲ್ಲ. ಮೇಣ ಯಾಕೆ ಹಚ್ತಾರೆ? ಮರ ಹಸಿ ಇದೆ ಅಂತ ಹಚ್ತಾರೆ. ಇದನ್ನ ನಾನು ತಿಂಗಳಿಗೆ ಹತ್ತು ಜನಕ್ಕಾದ್ರೂ ಹೇಳ್ತೀನಿ, ಹತ್ತಕ್ಕೆ ಎಂಟು ಜನ ಮೇಣಾನ ಪಾಲಿಶ್ ಅಂತಾನೋ, ಮರ ರೆಡಿ ಇದೆ ಅನ್ನೋ ಸೀಲ್ ಅಂತಾನೋ ತಿಳ್ಕೊಂಡಿರ್ತಾರೆ. ಕಡಿದ ಮರದ ತುದಿಯಿಂದ ನೀರು ಬೇಗ ಹೋಗುತ್ತೆ, ಪಕ್ಕದಿಂದ ನಿಧಾನ, ಹಂಗೇ ಬಿಟ್ರೆ ತುದಿ ಮೊದಲು ಕುಗ್ಗಿ ಸೀಳು ಬಿಡುತ್ತೆ, ಮಾರೋವ್ನಿಗೆ ಲಾಸು. ಅದಕ್ಕೆ ಮೇಣದಲ್ಲಿ ಅದ್ದಿ ನೀರನ್ನ ಒಳಗೇ ಕೂಡಿ ಹಾಕ್ತಾನೆ. ಲೇತ್ ಮೇಲೆ ಬಟ್ಟಲು ಕಡಿಯೋವ್ರಿಗೆ ಹಸಿ ಮರ ಇದ್ರೂ ನಡೆಯುತ್ತೆ, ಎಷ್ಟೋ ಜನ ಅದನ್ನೇ ಕೇಳಿ ತಗೋತಾರೆ. ನಮಗೆ ನಡೆಯಲ್ಲ.

ಸರ್, ತರಿಸಿ ಒಂದು ತಿಂಗಳಾಯ್ತು, ಒಂದು ಬಿರುಕೂ ಇಲ್ಲ ನೋಡಿ ಅಂತಾರೆ. ಕೆರೆ ಬತ್ತೋದು ನೋಡಿದೀರಲ್ಲ, ಮೇಲಿನ ನೀರು ಹೋಗೋ ತನಕ ಕೆಸರು ಬಿರಿಯಲ್ಲ, ಕೆಸರಿನ ಒಳಗಿರೋ ನೀರು ಹೋಗೋಕೆ ಶುರುವಾದ್ಮೇಲೇನೇ ಬಿರಿಯೋದು. ಮರಾನೂ ಅಷ್ಟೇ. ಕೊಳವೆಗಳ ಒಳಗೆ ನಿಂತ ನೀರು ಮೊದಲು ಹೋಗುತ್ತೆ, ಆಗ ತೂಕ ಇಳಿಯುತ್ತೆ, ಆದ್ರೆ ಸೈಜು ಅಷ್ಟೇ ಇರುತ್ತೆ. ತೇವ ಸುಮಾರು 30 ಪರ್ಸೆಂಟಿಗಿಂತ ಕೆಳಗಿಳಿದ್ಮೇಲೆ ಕೊಳವೆಯ ಗೋಡೆಯಲ್ಲಿರೋ ನೀರು ಹೋಗೋಕೆ ಶುರು, ಕುಗ್ಗೋದು ಅಲ್ಲಿಂದ. ಅದೂ ಉದ್ದಕ್ಕೆ ಕುಗ್ಗಲ್ಲ ಅಂದ್ರೂ ತಪ್ಪಿಲ್ಲ, ಅಡ್ಡಕ್ಕೆ ಕುಗ್ಗುತ್ತೆ, ಅದ್ರಲ್ಲೂ ಕಡಿದ ತುದಿಯಲ್ಲಿ ಕಾಣೋ ಬೆಳವಣಿಗೆ ಬಳೆಗಳ ಗುಂಟ ಕುಗ್ಗೋದು ಬಳೆ ಅಡ್ಡ ಹಾಯೋ ದಿಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು. ಚೌಕದ ತುಂಡು ಒಣಗಿದ್ಮೇಲೆ ಸೊಟ್ಟ ಆಗೋದು ಇದಕ್ಕೇ.

ಚಾಕು ವಿಷಯದಲ್ಲಿ ಇದು ಯಾಕೆ ತಲೆನೋವು ಅಂದ್ರೆ ಸ್ಟೀಲು ಕುಗ್ಗಲ್ಲ. ಎರಡು ಪಿನ್ನು ಹೊಡೆದು ಎಪಾಕ್ಸಿ ಅಂಟು ಹಾಕಿ ಸ್ಟೀಲಿಗೂ ಮರಕ್ಕೂ ಒಂದೇ ಲೆವೆಲ್ ಬರೋ ಹಂಗೆ ಉಜ್ಜಿ ಕೊಟ್ಟಿರ್ತೀವಿ, ಆರು ತಿಂಗಳು ಬಿಟ್ಟು ಹಿಡಿಯ ಬೆನ್ನಿನ ಮೇಲೆ ಬೆರಳಾಡಿಸಿದ್ರೆ ಸ್ಟೀಲಿನ ಅಂಚು ಉಗುರಿಗೆ ಟಕ್ ಅಂತ ತಗಲುತ್ತೆ. ಮರ ಕುಗ್ಗಿ ಒಳಗೆ ಹೋಗಿದೆ. ಅದೃಷ್ಟ ಇದ್ರೆ ಅಷ್ಟಕ್ಕೇ ನಿಲ್ಲುತ್ತೆ, ಇಲ್ಲಾಂದ್ರೆ ಪಿನ್ನಿಂದ ಪಿನ್ನಿಗೆ ಕೂದಲೆಳೆಯಂಥ ಸೀಳು. ಶುರುವಿನ ವರ್ಷಗಳಲ್ಲಿ ಇಂಥದ್ದನ್ನ ನಾನೂ ಮಾಡಿದೀನಿ, ಮಡಿಕೇರಿ ಕಡೆಯ ಒಬ್ಬ ಹಿರಿಯರು ಸೀಳು ಬಿಟ್ಟ ಚಾಕು ವಾಪಸ್ ತಂದು ಟೇಬಲ್ ಮೇಲಿಟ್ಟು, ಏನೂ ಮಾತಾಡದೆ ಕಾಫಿ ಕುಡಿದು ಹೋದ್ರು. ಬೈದಿದ್ರೆ ಚೆನ್ನಾಗಿತ್ತು.

ತೇವ ನೋಡೋಕೆ ದೊಡ್ಡ ಮೆಷಿನ್ ಬೇಡ, ಅಡುಗೆಮನೆ ತಕ್ಕಡಿ ಸಾಕು. ಮೇಣಾನ ಪಕ್ಕಗಳಿಂದ ಕೆರೆದು ತೆಗೀರಿ, ತುದಿಗಳಲ್ಲಿ ಹಂಗೇ ಇರ್ಲಿ, ತೂಕ ಮತ್ತು ತಾರೀಕು ಪೆನ್ಸಿಲಲ್ಲಿ ಮರದ ಮೇಲೇ ಬರೀರಿ, ಫ್ಯಾನು ಬಿಸಿಲು ಎರಡೂ ತಾಗದ ಅಟ್ಟದ ಮೇಲಿಡಿ. ತಿಂಗಳಿಗೊಂದು ಸಲ ತೂಗಿ. ಮೂರ‍್ನಾಲ್ಕು ಸಲ ಅದೇ ತೂಕ ಬಂದ್ರೆ ನಿಮ್ಮ ಮನೆಯ ಗಾಳಿಗೆ ಅದು ಒಗ್ಗಿದೆ ಅಂತ ಲೆಕ್ಕ. ಮಳೆಗಾಲದಲ್ಲಿ ತೂಕ ಮತ್ತೆ ಸ್ವಲ್ಪ ಏರಿದ್ರೆ ಗಾಬರಿ ಬೇಡ, ಮರ ಗಾಳಿಯಿಂದ ನೀರು ಎಳ್ಕೊಳ್ಳುತ್ತೆ. ಓವನ್ನಲ್ಲಿಟ್ಟು ಒಣಗಿಸಲಾ ಅಂತ ಕೇಳ್ಬೇಡಿ. ಸ್ಟೆಬಿಲೈಸ್ ಮಾಡ್ಸಿ, ಅಂದ್ರೆ ಮರದೊಳಗೆ ಗಟ್ಟಿಯಾಗೋ ಅಂಟು (ರೆಸಿನ್) ತುಂಬ್ಸಿ, ಅಂತಾನೂ ಬೇಡ. ವ್ಯಾಕ್ಯೂಮಲ್ಲಿ ರೆಸಿನ್ ತುಂಬಿಸೋದಕ್ಕೆ ಮರ ಮೊದಲೇ ಪೂರ್ತಿ ಒಣಗಿರ್ಬೇಕು, ಕಪ್ಪು ಎಬನಿ, ಕೊಕೊಬೋಲೋ ಥರದ ಎಣ್ಣೆಯ ಇಲ್ಲವೇ ತೀರಾ ಗಟ್ಟಿ ಮರಗಳಲ್ಲಿ ರೆಸಿನ್ ಒಳಗೆ ಇಳಿಯೋದೇ ಕಷ್ಟ, ಅದು ಮೇಪಲ್ ಥರದ ಅಷ್ಟು ದಟ್ಟ ಅಲ್ಲದ ಮರಕ್ಕೆ.

ಇನ್ನು ಪೇಪರ್ ವಿಷಯ. ಬ್ರೆಜಿಲಿಯನ್ ರೋಸ್‌ವುಡ್ ಬೇಕು ಅಂತ ಬರೋವ್ರಿಗೆ ಒಂದೇ ಮಾತು, ಅದು 1992ರಿಂದ ಸೈಟಿಸ್, ಅಂದ್ರೆ ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ, ಅತಿ ಬಿಗಿಯ ಮೊದಲನೇ ಪಟ್ಟಿಯಲ್ಲಿದೆ, ನಾನು ಮುಟ್ಟಲ್ಲ. 2017ರ ಜನವರಿಯಿಂದ ಆ ಇಡೀ ಕುಲಾನೇ, ಅಂದ್ರೆ ಕೊಕೊಬೋಲೋ, ಆಫ್ರಿಕನ್ ಬ್ಲ್ಯಾಕ್‌ವುಡ್, ನಮ್ಮ ಬೀಟೆ ಎಲ್ಲಾ ಸೇರಿ, ಕನಿಷ್ಠ ಎರಡನೇ ಪಟ್ಟಿಗೆ ಬಂತು. ಈ ಕುಲದ ಎರಡನೇ ಪಟ್ಟಿಯ ಹೆಚ್ಚಿನ ಮರಗಳಿಗೆ, ತಯಾರಾದ ವಸ್ತುವಾದ್ರೆ, ಒಂದು ಸಲ ಕಳಿಸೋದ್ರಲ್ಲಿ 10 ಕೆಜಿ ತನಕ ವಿನಾಯಿತಿ ಇದೆ, ಆದ್ರೆ ಕಚ್ಚಾ ತುಂಡು ತಯಾರಾದ ವಸ್ತು ಅಲ್ಲ, ಅದಕ್ಕೆ ಪರ್ಮಿಟ್ ಬೇಕು, ಮೇಲೆ ಹೊರದೇಶದ ಮರಕ್ಕೆ ಪ್ಲಾಂಟ್ ಕ್ವಾರಂಟೈನ್ ಕಾಗದ ಬೇರೆ. ಅಮೆರಿಕದಿಂದ ಭಾವಮೈದ ಸೂಟ್‌ಕೇಸಲ್ಲಿ ತರ್ತಾನೆ ಅನ್ನೋ ಪ್ಲಾನು ನನಗೆ ಹೇಳ್ಬೇಡಿ. ನಿಯಮಗಳು ಆಗಾಗ ಬದಲಾಗ್ತವೆ, ನಾನು ವಕೀಲ ಅಲ್ಲ, ದುಡ್ಡು ಕಟ್ಟೋ ಮುಂಚೆ ಕಸ್ಟಮ್ಸ್ ಏಜೆಂಟ್ ಹತ್ರ ಕೇಳಿ. ರಕ್ತಚಂದನ ಕೇಳೋವ್ರಿಗೆ ನಮಸ್ಕಾರ.

ಪೂರ್ತಿ ಕಪ್ಪು ಎಬನಿನೇ ಬೇಕು, ಒಂದು ಗೆರೆನೂ ಇರಬಾರ್ದು ಅನ್ನೋವ್ರದ್ದು ಇನ್ನೊಂದು ಹಟ. ಟೇಲರ್ ಗಿಟಾರ್ ಕಂಪನಿಯವ್ರು 2011ರಲ್ಲಿ ಕ್ಯಾಮರೂನಿನ ಒಂದು ಎಬನಿ ಮಿಲ್ಲನ್ನ ಪಾಲುದಾರರ ಜೊತೆ ಕೊಂಡುಕೊಂಡ್ರು. ಹೋಗಿ ನೋಡಿದ್ರೆ ಹತ್ತು ಮರ ಕಡಿದ್ರೆ ಒಂದೇ ಪೂರ್ತಿ ಕಪ್ಪು, ಉಳಿದವು ಗೆರೆಯವು ಅಂತ ಕಾಡಲ್ಲೇ ಬಿಟ್ಟು ಬರ್ತಿದ್ರಂತೆ, ಯಾಕಂದ್ರೆ ಕಡಿಯೋ ತನಕ ಒಳಗೇನಿದೆ ಅಂತ ಗೊತ್ತಾಗಲ್ಲ. ಆಮೇಲೆ ಆ ಕಂಪನಿ ಗೆರೆ ಇರೋದನ್ನೂ ಗಿಟಾರಿಗೆ ಹಾಕೋಕೆ ಶುರು ಮಾಡ್ತು. ನನಗಂತೂ ಕಂದುಗೆರೆ ಓಡಿರೋ ಎಬನಿನೇ ಚೆಂದ, ಅಚ್ಚ ಕಪ್ಪು ಹಿಡಿ ದೂರದಿಂದ ಪ್ಲಾಸ್ಟಿಕ್ ಥರ ಕಾಣುತ್ತೆ.

ನಿಜ ಹೇಳ್ಬೇಕಂದ್ರೆ ನನಗೆ ಸಿಕ್ಕ ಒಳ್ಳೇ ಮರ ಯಾವ ವೆಬ್‌ಸೈಟಿಂದಾನೂ ಬಂದಿದ್ದಲ್ಲ. ಮುರಿದ ಬೀಟೆ ಮಂಚದ ಕಾಲು, ಮಲೆನಾಡಲ್ಲಿ ಹಳೇ ಮನೆ ಕೆಡವುವಾಗ ಬಿದ್ದ ಕಿಟಕಿ ಚೌಕಟ್ಟು, ಎತ್ತಿನಗಾಡಿಯ ಕರಿಜಾಲಿ ತುಂಡು. ಅರವತ್ತು ವರ್ಷ ಮನೆಯೊಳಗೆ ಒಣಗಿದ ಮರ ಇನ್ನೆಲ್ಲಿಗೆ ಕುಗ್ಗುತ್ತೆ ಹೇಳಿ? ಗರಗಸ ಹಾಕಿದ ತಕ್ಷಣ ಬೀಟೆಯ ಸಿಹಿ ವಾಸನೆ ಶೆಡ್ ತುಂಬ, ಒಳಗೆ ನೇರಳೆ ಬಣ್ಣ ನಿನ್ನೆ ಕಡಿದಂಗೆ. ಮೊಳೆ ಮಾತ್ರ ನೋಡ್ಕೋಬೇಕು, ನನ್ನ ಎರಡು ಬ್ಲೇಡು ಹಾಳಾಗಿವೆ. ಎಲ್ಲಿಂದ ಬಂತು ಅಂತ ಹೇಳೋಕೆ ನಿಮ್ಮ ಹತ್ರ ಏನಾದ್ರೂ ಇದ್ರೆ ಒಳ್ಳೇದು, ಬೀಟೆ ಅಂದ್ರೆ ಅರಣ್ಯ ಇಲಾಖೆಯವ್ರು ಕೇಳೇ ಕೇಳ್ತಾರೆ.

ಆದ್ರೂ ಎಬನಿನೇ ಬೇಕು ಅಂತ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ತುಂಡು ತಂದ. ಒಳ್ಳೇ ಹುಡುಗ, ಬರುವಾಗೆಲ್ಲ ಧಾರವಾಡ ಪೇಡ ತರ್ತಾನೆ. ಮೇಣ ಹಸಿಯ ಗುರುತು ಅಂತ ನಾನು ಮುಂಚೆನೇ ಹೇಳಿದ್ದೆ, ಅದಕ್ಕೆ ಪೂರ್ತಿ ಕೆರೆದು ತೆಗ್ದಿದಾನೆ, ತುದಿದೂ ಬಿಟ್ಟಿಲ್ಲ. ಆಮೇಲೆ ಅಸಲಿ ಎಬನಿ ನೀರಲ್ಲಿ ಮುಳುಗುತ್ತೆ ಅಂತ ಎಲ್ಲೋ ಓದಿ, ಬಕೆಟ್ಟಿಗೆ ಹಾಕಿದಾನೆ. ಮುಳುಗಿದೆ. ಹಸಿ ಮರ ಅಷ್ಟು ನೀರು ಹೊತ್ತಿರುವಾಗ ಎಬನಿಗಿಂತ ಹಗುರ ಇರೋದೂ ಮುಳುಗುತ್ತೆ ಅನ್ನೋದು ಬೇರೆ ಮಾತು. ಖಾತ್ರಿ ಆಗ್ಲಿ ಅಂತ ರಾತ್ರಿಯಿಡೀ ಅಲ್ಲೇ ಬಿಟ್ಟಿದಾನೆ.

ನನ್ನ ಕೈಗೆ ಬಂದಾಗ 268 ಗ್ರಾಂ. ತುದಿಗೆ ಮತ್ತೆ ಮೇಣ ಹಚ್ಚಿ, ತೂಕ ಬರೆದು ಅಟ್ಟದ ಮೇಲಿಟ್ಟೆ. ನಾಲ್ಕು ತಿಂಗಳಾಯ್ತು, ನಿನ್ನೆ ತೂಗಿದಾಗ 247, ಇನ್ನೂ ಇಳೀತಾ ಇದೆ. ಪೆನ್ಸಿಲ್ ಅಂಕಿ ಕಾಣೋ ಹಂಗೆ ಫೋಟೋ ತೆಗೆದು ಕಳಿಸ್ದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: ಹಂಗಾದ್ರೆ ಈ ಭಾನುವಾರ ಬರ್ಲಾ ಸರ್?